ಪ್ರಮಾಣ ಮಾಡುವವರು ಯಾರು?

ಕನ್ನಡದಲ್ಲಿ 'ಪ್ರಮಾಣ' ಎಂಬ ಮಾತಿಗೆ ಮುಖ್ಯವಾಗಿ ಮೂರು ಅರ್ಥಗಳುಂಟು. ಮಳೆಯ ಪ್ರಮಾಣ ಎಷ್ಟು ಎಂದು ಕೇಳಿದರೆ ಅಲ್ಲಿ ಅದು ಅಳತೆ. ನೀವು ಹೇಳುವುದಕ್ಕೆ ಪ್ರಮಾಣವೇನು ಎಂದು ಕೇಳಿದರೆ ಅಲ್ಲಿ ಅದು ಆಧಾರ, ತಿಳಿವಿನ ಸಾಧನ. ದೇವರ ಮುಂದೆ ನಿಂತು ಪ್ರಮಾಣ ಮಾಡು ಎಂದರೆ ಅಲ್ಲಿ ಅದು ಆಣೆ. ಅಳತೆ, ಆಧಾರ, ಆಣೆ, ಈ ಮೂರನ್ನೂ ಒಂದೇ ಶಬ್ದ ಹೊತ್ತು ನಿಂತಿರುವುದು ಭಾಷೆಯ ಆಕಸ್ಮಿಕವೆಂದು ಬಿಟ್ಟುಬಿಡಬಹುದು. ಆದರೆ ವ್ಯವಹಾರದಲ್ಲಿಯೂ ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತುಕೊಳ್ಳುವುದನ್ನು ನಾವು ದಿನವೂ ಕಾಣುತ್ತೇವೆ. ಅಳತೆ ಸರಿಯಾಗಿದ್ದರೆ ಆಧಾರ ಸಿಕ್ಕಿತೆಂದು ತಿಳಿಯುತ್ತೇವೆ. ಆಧಾರ ಸಿಕ್ಕಿದರೆ ಇನ್ನು ಯಾರ ಆಣೆಯೂ ಬೇಡವೆಂದು ತಿಳಿಯುತ್ತೇವೆ. ಹಾಗೆ ತಿಳಿಯುವುದು ಸರಿಯೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆ ಹುಟ್ಟಿದ್ದು ತರ್ಕಶಾಸ್ತ್ರದ ಗ್ರಂಥದಿಂದಲ್ಲ, ಮಣ್ಣಿನಿಂದ. ಇಂದು ಒಂದು ಸೇತುವೆಯನ್ನೋ ಸುರಂಗವನ್ನೋ ಅಣೆಕಟ್ಟನ್ನೋ ಕಟ್ಟುವುದಕ್ಕೆ ಮೊದಲು ಎಂಜಿನಿಯರರು ಅದನ್ನು ಕಂಪ್ಯೂಟರಿನೊಳಗೆ ಒಮ್ಮೆ ಕಟ್ಟಿ ನೋಡುತ್ತಾರೆ. ಅಲ್ಲಿ ಮಣ್ಣಿಗೆ ನೀರು ಕುಡಿಸುತ್ತಾರೆ, ಬಂಡೆಯನ್ನು ಕೊರೆಯುತ್ತಾರೆ, ಕಾಂಕ್ರೀಟಿನ ಮೇಲೆ ಭಾರ ಹೇರುತ್ತಾರೆ, ಬೇಕೆಂದರೆ ಭೂಮಿಯನ್ನೇ ನಡುಗಿಸುತ್ತಾರೆ. ಯಾವುದು ಎಲ್ಲಿ ಬಿರಿಯುತ್ತದೆ, ಎಷ್ಟು ಜಾರುತ್ತದೆ ಎಂಬುದನ್ನು ಬಣ್ಣದ ಚಿತ್ರಗಳಲ್ಲಿ ನೋಡಿಕೊಂಡು, ಆಮೇಲೆ ನಿಜವಾದ ನೆಲಕ್ಕೆ ಗುದ್ದಲಿ ಹಾಕುತ್ತಾರೆ. ಇದು ಎಂಜಿನಿಯರರ ವಿಷಯ. ಕನ್ನಡ ಪಾಠ ಹೇಳುವ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿದೆ. ಆ ಲೆಕ್ಕಗಳ ಮಗ್ಗುಲಲ್ಲಿ, ಕೆಲವೊಮ್ಮೆ ಅವುಗಳ ಅಡಿಯಲ್ಲಿಯೇ, ವಾಸವಾಗಿರುವವರು ನಾವು.

ನರಸಿಂಹರಾಜಪುರದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಅಂಚಿನಲ್ಲಿಯೇ ಭದ್ರೆಯ ಹಿನ್ನೀರು. ಲಕ್ಕವಳ್ಳಿಯಲ್ಲಿ ಸುಮಾರು ೫೯ ಮೀಟರ್ ಎತ್ತರದ ಕಟ್ಟೆ ೧೯೬೫ರ ಹೊತ್ತಿಗೆ ಪೂರ್ತಿಯಾಯಿತು. ಮೇಲಿನ ಕಣಿವೆಯ ಗದ್ದೆ, ತೋಟ, ಊರುಗಳು ನೀರಿನೊಳಗೆ ಹೋದುವು. ಮಳೆಗಾಲದಲ್ಲಿ ಪತ್ರಿಕೆ ಬಂದರೆ ನಮ್ಮ ಕಡೆಯವರು ಮೊದಲು ಹುಡುಕುವುದು ಜಲಾಶಯದ ಮಟ್ಟವನ್ನು. ತುಂಬಿದ ಮಟ್ಟ ೧೮೬ ಅಡಿ, ಹಿಡಿಯುವ ನೀರು ೭೧.೫ ಟಿಎಂಸಿ ಎಂಬುದು ಇಲ್ಲಿ ಹಲವರಿಗೆ ಬಾಯಿಪಾಠ. ಕೆಳಗೆ ಶಿವಮೊಗ್ಗ, ದಾವಣಗೆರೆಗಳ ಬಯಲಿಗೆ ಅದು ಅನ್ನದ ಅಳತೆ. ಇತ್ತ ಕೊಪ್ಪ, ಶೃಂಗೇರಿಗಳ ಕಡೆ ತಿರುಗಿದರೆ ಬೇರೆಯೇ ನೋಟ. ಅಲ್ಲಿ ಗುಡ್ಡದ ಮಗ್ಗುಲನ್ನು ಕಡಿದು ಸಮಮಾಡಿದ ಜಾಗದಲ್ಲಿ ಮನೆ. ಮನೆಯ ಹಿಂದೆ ಎದ್ದು ನಿಂತ ಧರೆ. ಆಷಾಢ ಶ್ರಾವಣಗಳ ಮಳೆ ಹಿಡಿದಾಗ ಆ ಧರೆ ನಿಂತೀತೆ, ಬಿದ್ದೀತೆ ಎಂಬುದು ಮನೆಯವರ ನಿದ್ದೆಗೆ ಸಂಬಂಧಿಸಿದ ಪ್ರಶ್ನೆ. ಒಂದು ಕಡೆ ಲೆಕ್ಕ ಹಾಕಿ ಕಟ್ಟಿದ ಕಟ್ಟೆ. ಇನ್ನೊಂದು ಕಡೆ ಲೆಕ್ಕವನ್ನೇ ಹಾಕದೆ ಕಡಿದ ಗುಡ್ಡ. ಎರಡರ ನಡುವೆ ನಮ್ಮ ಬಾಳು.

ಯಂತ್ರ ಮಾಡುವ ಕೆಲಸವಾದರೂ ಏನು ಎಂಬುದನ್ನು ಮೊದಲು ನೋಡೋಣ. ಒಂದು ಅಣೆಕಟ್ಟನ್ನು ಇಡಿಯಾಗಿ ಲೆಕ್ಕ ಹಾಕುವುದು ಕಷ್ಟ. ಅದನ್ನು ಮನಸ್ಸಿನಲ್ಲಿಯೇ ಸಣ್ಣ ಸಣ್ಣ ತುಂಡುಗಳಾಗಿ ಭಾಗಿಸಿ, ಒಂದೊಂದು ತುಂಡೂ ತನ್ನ ನೆರೆಯ ತುಂಡನ್ನು ಎಷ್ಟು ಒತ್ತುತ್ತದೆ, ಎಷ್ಟು ಎಳೆಯುತ್ತದೆ ಎಂದು ಕಂಡುಹಿಡಿದು, ಎಲ್ಲವನ್ನೂ ಮತ್ತೆ ಕೂಡಿಸಿದರೆ ಇಡಿಯ ಕಟ್ಟೆಯ ನಡತೆ ತಿಳಿಯುತ್ತದೆ. ಇದಕ್ಕೆ 'ಫೈನೈಟ್ ಎಲಿಮೆಂಟ್' ವಿಧಾನ ಎಂದು ೧೯೬೦ರಲ್ಲಿ ಹೆಸರಿಟ್ಟವರು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರೇ ಕ್ಲಫ್. ನಾವು ತುಂಡುಗಳ ಲೆಕ್ಕ ಎಂದರೆ ಸಾಕು. ಎರಡು ವರ್ಷಗಳ ಬಳಿಕ, ೧೯೬೨ರಲ್ಲಿ, ಅವರೂ ಎಡ್ವರ್ಡ್ ವಿಲ್ಸನ್ನರೂ ನಾರ್ಫೋರ್ಕ್ ಎಂಬಲ್ಲಿನ ಕಾಂಕ್ರೀಟ್ ಅಣೆಕಟ್ಟಿನಲ್ಲಿ ಕಾಣಿಸಿಕೊಂಡಿದ್ದ ಒಂದು ಬಿರುಕಿನ ಪರಿಣಾಮವನ್ನು ತಿಳಿಯಲು ಆ ಕಟ್ಟೆಯನ್ನು ತ್ರಿಕೋನದ ತುಂಡುಗಳಾಗಿ ಹಂಚಿ ಯಂತ್ರದಿಂದ ಲೆಕ್ಕ ಮಾಡಿಸಿದರು. ಸಿವಿಲ್ ಎಂಜಿನಿಯರಿಂಗಿನಲ್ಲಿ ಈ ವಿಧಾನದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಆಗ ನಮ್ಮ ಲಕ್ಕವಳ್ಳಿಯ ಕಟ್ಟೆಯ ಕೆಲಸ ಇನ್ನೂ ನಡೆದಿತ್ತು. ಅಂದರೆ ನಮ್ಮ ಹಿರಿಯ ಅಣೆಕಟ್ಟುಗಳೆಲ್ಲ ಈ ವಿದ್ಯೆಗಿಂತ ಹಿಂದಿನವು; ಕಾಗದ, ಪೆನ್ಸಿಲು, ಸ್ಲೈಡ್ ರೂಲುಗಳ ಕಾಲದವು. ಅಂದು ವಾರಗಟ್ಟಲೆ ಹಿಡಿಯುತ್ತಿದ್ದ ಲೆಕ್ಕವನ್ನು ಇಂದು ಮೇಜಿನ ಮೇಲಿನ ಯಂತ್ರ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಸಿ ಕೊಡುತ್ತದೆ. ಇದು ಸಾಮಾನ್ಯವಾದ ಲಾಭವಲ್ಲ.

ಆದರೆ ಪ್ರತಿ ತುಂಡಿಗೂ ನೀನು ಯಾರು ಎಂದು ಹೇಳಿಕೊಡಬೇಕಲ್ಲ. ನೀನು ಗಟ್ಟಿ ಬಂಡೆ, ನೀನು ಜೇಡಿ, ನೀನು ಮರಳು, ನಿನ್ನ ಬಲ ಇಷ್ಟು, ನಿನ್ನ ತೇವ ಇಷ್ಟು ಎಂದು ಹೇಳುವವರು ಮನುಷ್ಯರು. ಅವರಿಗೆ ಅದು ತಿಳಿಯುವುದು ಅಲ್ಲಲ್ಲಿ ಕೊಳವೆ ಇಳಿಸಿ ಮೇಲಕ್ಕೆತ್ತಿದ ಮಣ್ಣಿನಿಂದ. ನಾಲ್ಕಾರು ಕಡೆ ಕೊರೆದು ನೋಡಿ ಒಂದು ಇಡೀ ಗುಡ್ಡದ ಒಳಗನ್ನು ಹೇಳಬೇಕು. ಇಲ್ಲಿಯೂ ನಮ್ಮ ಭಾಷೆ ಒಂದು ಎಚ್ಚರಿಕೆಯನ್ನು ಇಟ್ಟುಕೊಂಡಿದೆ. ಕೊಳವೆಯಿಂದ ತೆಗೆದ ಹಿಡಿ ಮಣ್ಣಿಗೂ ನಾವು 'ಮಾದರಿ' ಎನ್ನುತ್ತೇವೆ. ಯಂತ್ರದೊಳಗೆ ಕಟ್ಟಿದ ಗುಡ್ಡಕ್ಕೂ 'ಮಾದರಿ' ಎನ್ನುತ್ತೇವೆ. ಮೊದಲನೆಯದು ನೆಲದ ಒಂದು ಚೂರು; ಎರಡನೆಯದು ನೆಲವನ್ನು ಕುರಿತ ನಮ್ಮ ಕಲ್ಪನೆ. ಆ ಚೂರಿನಿಂದ ಈ ಕಲ್ಪನೆಗೆ ಹೋಗುವ ದಾರಿಯಲ್ಲಿ ಕೊರೆಯದೆ ಬಿಟ್ಟ ನೆಲವೇ ಹೆಚ್ಚು. ಬೆಂಗಳೂರಿನಲ್ಲಿ ಮೆಟ್ರೊ ರೈಲಿಗಾಗಿ ಸುರಂಗ ಕೊರೆದವರಿಗೆ ಇದು ಗೊತ್ತು. ಅಲ್ಲಿ ಗಟ್ಟಿ ಕಲ್ಲಿನ ಪಕ್ಕದಲ್ಲಿಯೇ ಮೆತ್ತನೆಯ ಮಣ್ಣು ಎದುರಾಗುತ್ತದೆ. ಯಂತ್ರದ ಚಿತ್ರದಲ್ಲಿ ಮಾತ್ರ ಅಳೆದದ್ದೂ ಊಹಿಸಿದ್ದೂ ಒಂದೇ ಬಣ್ಣದಲ್ಲಿ ಹೊಳೆಯುತ್ತವೆ. ಉತ್ತರ ಮೂರು ದಶಾಂಶ ಸ್ಥಾನಗಳವರೆಗೆ ಬರುತ್ತದೆ. ಪ್ರಶ್ನೆಯಲ್ಲಿ ಅಷ್ಟು ಸೂಕ್ಷ್ಮತೆ ಇತ್ತೆ ಎಂದು ಯಂತ್ರ ಕೇಳುವುದಿಲ್ಲ.

ಇಲ್ಲಿಗೆ ಅಳತೆಯ ಮಾತಾಯಿತು. ಎರಡನೆಯ ಅರ್ಥಕ್ಕೆ, ಆಧಾರಕ್ಕೆ, ಬರೋಣ. ನಮ್ಮ ನೈಯಾಯಿಕರು ತಿಳಿವಿನ ಸಾಧನಗಳನ್ನು ಎಣಿಸುವಾಗ ಕಣ್ಣಾರೆ ಕಾಣುವ ಪ್ರತ್ಯಕ್ಷದ ಪಕ್ಕದಲ್ಲಿ ಅನುಮಾನವನ್ನು ಇಟ್ಟರು. ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ಅವರಲ್ಲಿ ಅದು ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಬಗೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಹೇಳುವುದು ಅದರ ಹೆಸರಾಂತ ಉದಾಹರಣೆ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು ಸರಿ. ಬೆಂಕಿಯಿಂದ ಹೊಗೆಯನ್ನು ಊಹಿಸಬಹುದೆ ಎಂದು ಕೇಳಿದರು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಮಳೆಗಾಲದಲ್ಲಿ ಮಲೆನಾಡಿನ ಬಚ್ಚಲ ಒಲೆ ಹಚ್ಚಿದವರಿಗೆ ಇದನ್ನು ಶಾಸ್ತ್ರ ಓದಿ ತಿಳಿಯಬೇಕಾಗಿಲ್ಲ. ಮೇಲುನೋಟಕ್ಕೆ ಕಾಣದೆ ಒಳಗೆ ಅಡಗಿರುವ ಈ ಷರತ್ತನ್ನು ಅವರು 'ಉಪಾಧಿ' ಎಂದು ಕರೆದರು. ಅನುಮಾನ ಕೆಡುವುದು ಹೆಚ್ಚಾಗಿ ಇಂಥ ಉಪಾಧಿಯನ್ನು ಮರೆತಾಗ.

ಮಣ್ಣಿನ ವಿದ್ಯೆಯಲ್ಲಿಯೂ ಇಂಥ ಒಂದು ಹಸಿ ಸೌದೆ ಉಂಟು. ಕಣದಲ್ಲಿ ಸುರಿದ ಭತ್ತದ ರಾಶಿ ಒಂದು ಇಳಿಜಾರಿನಲ್ಲಿ ತಾನಾಗಿ ನಿಲ್ಲುತ್ತದೆ. ಕಾಳು ಕಾಳಿಗೆ ಉಜ್ಜಿ ಹಿಡಿದಿರುವ ಘರ್ಷಣೆಯ ಬಲ ಅದು. ಒದ್ದೆ ಜೇಡಿಯ ಉಂಡೆ ನಿಲ್ಲುವುದು ಅಂಟಿನ ಬಲದಿಂದ. ಮಣ್ಣಿನ ಶಕ್ತಿಯೆಂದರೆ ಈ ಎರಡರ ಕೂಟ ಎಂದು ಫ್ರಾನ್ಸಿನ ಕೂಲಂಬ್ ೧೭೭೩ರಲ್ಲಿಯೇ ಸೂತ್ರ ಕಟ್ಟಿದ. ಆತ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಅನುಭವ ಪಡೆದಿದ್ದ ಸೇನಾ ಎಂಜಿನಿಯರು. ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆದರೆ ಒಂದೂವರೆ ಶತಮಾನದ ಬಳಿಕ, ೧೯೨೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಆಸ್ಟ್ರಿಯದ ಕಾರ್ಲ್ ಟೆರ್ಜಾಗಿ ಅಡಗಿದ್ದ ಉಪಾಧಿಯನ್ನು ಹೊರಗೆ ತೆಗೆದ. ಕಣಗಳ ನಡುವೆ ನೀರಿದೆ. ಆ ನೀರಿನ ಒತ್ತಡ ಏರಿದಷ್ಟೂ ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ತಗ್ಗುತ್ತದೆ. ಮಳೆಗಾಲದಲ್ಲಿ ಧರೆ ಬೀಳುವುದು ಮಣ್ಣು ಭಾರವಾದುದರಿಂದ ಮಾತ್ರವಲ್ಲ. ಒಳಗಿನ ಹಿಡಿತ ಸಡಿಲಿದುದರಿಂದ. ಮಣ್ಣಿನ ಬಲವೆಷ್ಟು ಎಂದು ಕೇಳಿದರೆ, ಅದರೊಳಗಿನ ನೀರಿಗೆ ಹೊರಗೆ ಹೋಗಲು ದಾರಿಯೂ ಸಮಯವೂ ಇದೆಯೆ ಎಂದು ಮರುಪ್ರಶ್ನೆ ಹಾಕುವುದೇ ಸರಿಯಾದ ಉತ್ತರ.

ಈ ಮರುಪ್ರಶ್ನೆಯನ್ನು ಮರೆತರೆ ಆಗುವುದೇನೆಂಬುದಕ್ಕೆ ಸಿಂಗಪುರದ ಒಂದು ಘಟನೆ ಸಾಕು. ೨೦೦೪ರ ಏಪ್ರಿಲ್ ೨೦ರ ಮಧ್ಯಾಹ್ನ ಅಲ್ಲಿ ನಿಕೊಲ್ ಹೈವೇ ಎಂಬ ಹೆದ್ದಾರಿಯ ಪಕ್ಕದಲ್ಲಿ ರೈಲು ಮಾರ್ಗಕ್ಕಾಗಿ ಸುಮಾರು ೩೦ ಮೀಟರ್ ಆಳ ಅಗೆದಿದ್ದ ಹಳ್ಳ ಕುಸಿದುಬಿದ್ದು ನಾಲ್ವರು ಸತ್ತರು. ಹೆದ್ದಾರಿಯ ಒಂದು ಭಾಗವೂ ಒಳಗೆ ಹೋಯಿತು. ಅಲ್ಲಿನ ನೆಲ ಸಮುದ್ರದ ಮೆತ್ತನೆಯ ಜೇಡಿ. ಅಂಥ ಜೇಡಿ ಜಾರತೊಡಗಿದಾಗ ಒಳಗಿನ ನೀರಿನ ಒತ್ತಡ ಏರುತ್ತದೆ, ಹಿಡಿತ ಬಿಡುತ್ತದೆ. ಯಂತ್ರದ ಲೆಕ್ಕಕ್ಕೆ ಆರಿಸಿಕೊಂಡಿದ್ದ ವಿಧಾನ ಈ ಏರಿಕೆಯನ್ನು ಸರಿಯಾಗಿ ಕಾಣಿಸುತ್ತಿರಲಿಲ್ಲ. ಆದುದರಿಂದ ಜೇಡಿ ಇದ್ದುದಕ್ಕಿಂತ ಗಟ್ಟಿಯೆಂದು ಉತ್ತರ ಬಂತು. ಮಣ್ಣನ್ನು ಎರಡೂ ಕಡೆ ತಡೆದು ಹಿಡಿದಿದ್ದ ಗೋಡೆಗಳ ನಡುವಣ ಉಕ್ಕಿನ ತೊಲೆಗಳ ಕೂಡುಗಳನ್ನೂ ಬೇಕಾದಷ್ಟು ಬಲವಾಗಿ ಮಾಡಿರಲಿಲ್ಲ. ಇವೆರಡು ತಪ್ಪುಗಳನ್ನೂ ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ೨೦೦೫ರಲ್ಲಿ ಎತ್ತಿ ತೋರಿಸಿತು.

ಆದರೆ ನನಗೆ ಮುಖ್ಯವೆಂದು ತೋರುವುದು ಆ ತಪ್ಪುಗಳಲ್ಲ. ತಪ್ಪು ಯಾರಿಂದಲಾದರೂ ಆದೀತು. ಆ ಗೋಡೆ ಕುಸಿಯುವುದಕ್ಕೆ ಬಹಳ ಮೊದಲೇ ಬಾಗತೊಡಗಿತ್ತು. ಯಂತ್ರ ಹೇಳಿದುದಕ್ಕಿಂತ ಹೆಚ್ಚು ಬಾಗುತ್ತಿದೆ ಎಂದು ಅಳತೆಯ ಉಪಕರಣಗಳು ಹೇಳುತ್ತಿದ್ದುವು. ಆಗ ಮಾಡಿದ್ದೇನು? ಹೊಸ ಅಳತೆಗೆ ಹೊಂದುವಂತೆ ಯಂತ್ರದೊಳಗಿನ ಅಂಕಿಗಳನ್ನು ತಿದ್ದಿ, ಎಚ್ಚರಿಕೆಯ ಗೆರೆಯನ್ನು ಇನ್ನಷ್ಟು ಮೇಲಕ್ಕೆ ಸರಿಸಿ, ಅಗೆತವನ್ನು ಮುಂದುವರಿಸಲಾಯಿತು. ನೆಲ ಲೆಕ್ಕದ ಮಾತನ್ನು ಮೀರಿದಾಗಲೆಲ್ಲ ಲೆಕ್ಕವೇ ಒಂದು ಹೆಜ್ಜೆ ಸರಿದು ನೆಲದ ಜತೆ ನಿಂತುಕೊಂಡಿತು. ಹೊರಗಿನಿಂದ ನೋಡಿದವರಿಗೆ ಎರಡಕ್ಕೂ ಹೊಂದಾಣಿಕೆ ಇದ್ದಂತೆಯೇ ಕಂಡಿರಬೇಕು. ಕುಸಿದ ದಿನ ಬೆಳಗಿನಿಂದಲೇ ತೊಲೆಗಳ ಕಡೆಯಿಂದ ಸದ್ದು ಬರುತ್ತಿದ್ದುದನ್ನು ಕೆಲಸಗಾರರು ಕೇಳಿದ್ದರು. ಆ ಸದ್ದು ಪ್ರತ್ಯಕ್ಷ ಪ್ರಮಾಣ. ಅನುಮಾನಕ್ಕೂ ಪ್ರತ್ಯಕ್ಷಕ್ಕೂ ವಿರೋಧ ಬಂದಾಗ ಪ್ರತ್ಯಕ್ಷವನ್ನು ತಿದ್ದಲಾಗದು, ಅನುಮಾನವನ್ನು ಬಿಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇಲ್ಲಿ ಅನುಮಾನವನ್ನು ಬಿಡಲೂ ಇಲ್ಲ, ಉಳಿಸಿಕೊಳ್ಳಲೂ ಇಲ್ಲ, ಬಾಗಿಸಿದರು. ಎಷ್ಟು ಬೇಕಾದರೂ ಬಾಗುವ ಸಾಕ್ಷಿ ಯಾರ ಪರವೂ ಅಲ್ಲ.

ಇದನ್ನು ಓದಿ ಯಂತ್ರವನ್ನು ದೂರಲು ಹೊರಡುವುದು ಸುಲಭ. ಹಿಂದಿನವರ ಅನುಭವವೇ ಮೇಲು, ಕಂಪ್ಯೂಟರು ಬಂದ ಮೇಲೆ ಬುದ್ಧಿ ಮಂಕಾಯಿತು ಎಂಬ ಮಾತು ಪಟ್ಟಣದ ಕಾಫಿ ಹೋಟೆಲುಗಳಲ್ಲಿ ಬೇಗ ಒಪ್ಪಿಗೆ ಪಡೆಯುತ್ತದೆ. ಆದರೆ ಅನುಭವವೂ ಒಂದು ಮಾದರಿಯೇ. ನಮ್ಮ ಅಜ್ಜನ ಕಾಲದಿಂದ ಈ ಧರೆ ಬಿದ್ದಿಲ್ಲ ಎಂದು ಹೇಳುವವನು ತನ್ನ ಮನೆತನದ ನೆನಪು ಎಂಬ ಕೊಳವೆಯಿಂದ ತೆಗೆದ ಒಂದು ಹಿಡಿಯನ್ನು ನಂಬಿ ಮಾತಾಡುತ್ತಿದ್ದಾನೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಸಾಲಾಗಿ ಕುಸಿದಾಗ ಎಷ್ಟೋ ಮನೆತನಗಳ ನೆನಪು ಒಂದೇ ವಾರದಲ್ಲಿ ಸುಳ್ಳಾಯಿತು. ಮಳೆ ಅತಿಯಾಗಿತ್ತು ನಿಜ. ಗುಡ್ಡವನ್ನು ಕಡಿದು ಇಳಿಜಾರನ್ನು ಕೆಡಿಸಿದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಹೇಳಿದರು. ಅಜ್ಜನ ಕಾಲದ ಗುಡ್ಡಕ್ಕೆ ಜೆಸಿಬಿ ಹತ್ತಿರಲಿಲ್ಲ. ಉಪಾಧಿ ಬದಲಾದುದನ್ನು ಅನುಭವ ಗಮನಿಸಿರಲಿಲ್ಲ.

ಅನುಭವ ಸೋತ ಕಡೆ ಯಂತ್ರ ಕಣ್ಣು ತೆರೆಸಿದ್ದೂ ಉಂಟು. ನಮ್ಮ ಕೃಷ್ಣೆಗೆ ಮೇಲಿನಿಂದ ಬಂದು ಸೇರುವ ಕೊಯ್ನಾ ನದಿಗೆ ಮಹಾರಾಷ್ಟ್ರದಲ್ಲಿ ೧೦೩ ಮೀಟರ್ ಎತ್ತರದ ಅಣೆಕಟ್ಟಿದೆ. ದಖ್ಖಣದ ನೆಲ ಅಲುಗದು ಎಂಬ ನಂಬಿಕೆ ಆಗ ಬಲವಾಗಿತ್ತು. ಭೂಕಂಪದ ಲೆಕ್ಕಕ್ಕೆ ಕಟ್ಟೆಯ ತೂಕದ ನೂರಕ್ಕೆ ಐದರಷ್ಟು ಅಡ್ಡಬಲವನ್ನು ಹಿಡಿದಿದ್ದರು. ೧೯೬೭ರ ಡಿಸೆಂಬರ್ ೧೧ರ ನಸುಕಿನಲ್ಲಿ ಸುಮಾರು ಆರೂವರೆಯ ಪ್ರಮಾಣದ ಭೂಕಂಪವಾಯಿತು. ಕಟ್ಟೆಯಲ್ಲಿಯೇ ಇದ್ದ ಉಪಕರಣ ದಾಖಲಿಸಿದ ಅಡ್ಡ ಅಲುಗಾಟದ ತೀವ್ರತೆ ಗುರುತ್ವಾಕರ್ಷಣೆಯ ಅರ್ಧದ ಹತ್ತಿರ ಹೋಗಿತ್ತು. ಕಟ್ಟೆ ಬೀಳಲಿಲ್ಲ, ಆದರೆ ಅದರ ಹಿಂಬದಿಯ ಇಳಿಜಾರು ಹಠಾತ್ತನೆ ಬದಲಾಗುವ ಎತ್ತರದಲ್ಲಿ ಅಡ್ಡಲಾಗಿ ಬಿರುಕುಗಳು ಬಿಟ್ಟುವು. ಹಳೆಯ ಕೈಲೆಕ್ಕಕ್ಕೆ ಕಾಣದ ಅಪಾಯ ಅದು. ಬರ್ಕ್‌ಲಿಯಲ್ಲಿ ಅನಿಲ್ ಚೋಪ್ರಾ ಮತ್ತು ಅವರ ಸಂಗಡಿಗರು ತುಂಡುಗಳ ಲೆಕ್ಕದಿಂದ ಕಟ್ಟೆಯನ್ನು ಯಂತ್ರದೊಳಗೆ ಅಲುಗಿಸಿ ನೋಡಿದಾಗ ಎಳೆತ ಬಂದು ಕೂಡುವುದು ಅದೇ ಎತ್ತರದಲ್ಲಿ ಎಂದು ಕಂಡಿತು. ಅಂದಿನಿಂದ ಕಾಂಕ್ರೀಟನ್ನು ಲೆಕ್ಕ ಹಾಕುವ ಹೊಸ ವಿಧಾನಗಳನ್ನು ಜಗತ್ತಿನಲ್ಲಿ ಯಾರು ಮಾಡಿದರೂ, ಕೊಯ್ನಾದ ಬಿರುಕು ನಿಮ್ಮ ಲೆಕ್ಕದಲ್ಲಿ ಕಾಣುತ್ತದೆಯೆ ಎಂದು ಪರೀಕ್ಷಿಸುವುದು ರೂಢಿಯಾಗಿದೆ. ಇಲ್ಲಿ ಲೆಕ್ಕ ನೆಲಕ್ಕೆ ತಲೆಬಾಗಿ ಪಾಠ ಕಲಿಯಿತು. ಸಿಂಗಪುರದಲ್ಲಿ ಮಾಡಿದಂತೆ ನೆಲದ ಬಾಯಿ ಮುಚ್ಚಿಸಲಿಲ್ಲ. ಯಂತ್ರ ಒಂದೇ ಬಗೆಯದು, ಬಳಸಿದ ಮನಸ್ಸು ಬೇರೆ.

ಬಂಡೆಯ ವಿಷಯದಲ್ಲಿಯೂ ನಮ್ಮ ನಾಡಿನದೇ ಪಾಠವಿದೆ. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದುವು. ಅಷ್ಟು ಆಳದ ಕಲ್ಲು ಜಡವಲ್ಲ; ಮೇಲಿನ ಭಾರವನ್ನೆಲ್ಲ ಹೊತ್ತು ಬಿಗಿದುಕೊಂಡಿರುತ್ತದೆ. ಪಕ್ಕದ ಕಲ್ಲನ್ನು ತೆಗೆದೊಡನೆ ಉಳಿದದ್ದು ಸಿಡಿಯಬಹುದು. ಈ ಶಿಲಾಸ್ಫೋಟಗಳಿಗೆ ಅಲ್ಲಿ ಎಷ್ಟೋ ಜೀವಗಳು ಹೋದುವು. ೧೯೮೮ರಲ್ಲಿ ರಾ‌ಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೋಲಾರದ ಗಣಿ ಪ್ರದೇಶದಲ್ಲಿಯೇ ಹುಟ್ಟಿದ್ದು ಸಹಜವೇ ಆಗಿತ್ತು. ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಬಂಡೆಯನ್ನು ಲೆಕ್ಕ ಹಾಕುವುದರ ಜತೆಗೆ ಅದಕ್ಕೆ ಕಿವಿಗೊಡುವುದನ್ನೂ ಕಲಿಯಬೇಕು ಎಂಬ ಪಾಠ ಉಳಿಯಿತು.

ಹಾಗಾದರೆ ಅಳತೆಯನ್ನು ಯಂತ್ರ ಕೊಡಬಲ್ಲುದು. ಆಧಾರವನ್ನು, ಉಪಾಧಿಗಳನ್ನು ನಾವು ಹೇಳಿಕೊಟ್ಟ ಮಟ್ಟಿಗೆ, ಕೊಡಬಲ್ಲುದು. ಮೂರನೆಯದು ಉಳಿಯಿತು. ಆಣೆಗೆ ಮೂರು ಲಕ್ಷಣಗಳುಂಟು. ಇಡುವವನಿಗೆ ಹೆಸರಿರಬೇಕು, ಕೇಳುವವರು ಎದುರಿಗಿರಬೇಕು, ಸುಳ್ಳಾದರೆ ಅದರ ಹೊರೆ ಇಟ್ಟವನಿಗೆ ತಗಲಬೇಕು. ಘಟ್ಟ ಇಳಿದು ಧರ್ಮಸ್ಥಳಕ್ಕೆ ಹೋಗಿ ಆಣೆ ಇಡೋಣ ಬಾ ಎಂದರೆ ನಮ್ಮ ಕಡೆ ಜಗಳ ಅರ್ಧ ಇತ್ಯರ್ಥವಾಗುತ್ತಿದ್ದುದು ಈ ಮೂರರ ಬಲದಿಂದ. ಯಂತ್ರಕ್ಕೆ ಈ ಮೂರೂ ಇಲ್ಲ. ಅದಕ್ಕೆ ಸುಳ್ಳಾಡುವ ಶಕ್ತಿಯಿಲ್ಲ. ಆದುದರಿಂದಲೇ ಸತ್ಯಕ್ಕೆ ಹೊಣೆಯಾಗುವ ಶಕ್ತಿಯೂ ಇಲ್ಲ.

ಆಣೆಯ ಅಗತ್ಯ ಎಲ್ಲಿ ಬರುತ್ತದೆಂದು ಕೇಳಬಹುದು. ಲೆಕ್ಕದ ಕೊನೆಯಲ್ಲಿ ಸುರಕ್ಷತೆಯ ಗುಣಾಂಕ ಎಂಬ ಒಂದು ಅಂಕಿ ಬರುತ್ತದೆ. ಮಣ್ಣಿನ ಏರಿಯ ಬಲ ಅದರ ಮೇಲೆ ಬೀಳುವ ಒತ್ತಾಯಕ್ಕಿಂತ ಎಷ್ಟು ಪಾಲು ಹೆಚ್ಚಿರಬೇಕು ಎಂಬ ಅಂಕಿ ಅದು. ಜಲಾಶಯ ತುಂಬಿರುವಾಗ ಸಾಮಾನ್ಯವಾಗಿ ಒಂದೂವರೆ ಇರಲಿ ಎನ್ನುತ್ತಾರೆ. ಒಂದಾದರೆ ನಿಲ್ಲುತ್ತದೆ ಎಂದು ಲೆಕ್ಕ ಹೇಳುವಾಗ ಆ ಅರ್ಧವೇಕೆ? ನಮಗೆ ಗೊತ್ತಿಲ್ಲದುದಕ್ಕೆ ಇಟ್ಟ ಮೀಸಲು ಅದು. ಎರಡೇಕಲ್ಲ? ಖರ್ಚು ಹೆಚ್ಚಾಗುತ್ತದೆ. ಅಂದರೆ ನಮ್ಮ ಅಜ್ಞಾನಕ್ಕೂ ನಮ್ಮ ಹಣದ ಥೈಲಿಗೂ ಆದ ಒಪ್ಪಂದವೇ ಆ ಅರ್ಧ. ಅದು ಗಣಿತದ ಅಂಕಿಯಂತೆ ಕಂಡರೂ ಧರ್ಮದ ಅಂಕಿ. ಏಕೆಂದರೆ ಹಣ ಉಳಿಸುವವನೂ ಅಪಾಯ ಹೊರುವವನೂ ಹಲವು ಸಲ ಬೇರೆ ಬೇರೆ ಜನ. ಕಟ್ಟೆ ಕಟ್ಟಿದಾಗ ಮನೆ ಗದ್ದೆ ಬಿಟ್ಟು ಎದ್ದವರು ಒಬ್ಬರು, ನೀರು ಪಡೆದವರು ಇನ್ನೊಬ್ಬರು, ಕಟ್ಟೆಯ ಕೆಳಗೆ ಮಲಗುವವರು ಮತ್ತೊಬ್ಬರು. ಇವರ ಪರವಾಗಿ ಎಷ್ಟು ಅಜ್ಞಾನವನ್ನು ಸಹಿಸಬಹುದು ಎಂದು ತೀರ್ಮಾನಿಸುವುದು ತುಂಡುಗಳ ಲೆಕ್ಕದಿಂದ ಆಗುವ ಕೆಲಸವಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಈ ಕಾಲದ ಕೆಲಸ ಹಲವರ ಕೈಯಲ್ಲಿ ಹಂಚಿಹೋಗಿದೆ. ಮಣ್ಣು ತೆಗೆಯುವವನು ಒಬ್ಬ, ಪರೀಕ್ಷಿಸುವವನು ಒಬ್ಬ, ಲೆಕ್ಕ ಮಾಡುವವನು ಒಬ್ಬ, ಕಟ್ಟುವವನು ಇನ್ನೊಬ್ಬ. ನೆಲದ ಒಳಗನ್ನು ಪೂರ್ತಿ ಕಂಡವರು ಯಾರೂ ಇಲ್ಲ. ಹೀಗಿರುವಾಗ ಒಬ್ಬನು ನಿಂತು ಇದು ಬೀಳುವುದಿಲ್ಲ ಎಂದು ಆಣೆ ಇಡುವುದು ಹೇಗೆ ಸಾಧ್ಯ? ಇಟ್ಟರೆ ಅದು ಅಹಂಕಾರವಾಗದೆ?

ಬೀಳುವುದಿಲ್ಲ ಎಂದು ಆಣೆ ಇಡಬೇಕಾಗಿಲ್ಲ, ಇಡಲೂಬಾರದು. ನ್ಯಾಯಸ್ಥಾನದಲ್ಲಿ ಸಾಕ್ಷಿಯು ಪ್ರಮಾಣ ಮಾಡುವುದು ಫಲವನ್ನು ಕುರಿತಲ್ಲ, ತಾನು ಕಂಡದ್ದನ್ನು ಕುರಿತು. ಎಂಜಿನಿಯರನ ಪ್ರಮಾಣವೂ ಹಾಗೆಯೇ ಇರಬೇಕು. ಇಷ್ಟು ಕಡೆ ಕೊರೆದು ನೋಡಿದ್ದೇನೆ. ಇಷ್ಟು ಕಡೆ ನೋಡಿಲ್ಲ. ಈ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ನೆಲ ಇದಕ್ಕಿಂತ ಹೆಚ್ಚು ಜಾರಿದರೆ ನನ್ನ ಊಹೆ ತಪ್ಪೆಂದು ತಿಳಿದು ಕೆಲಸ ನಿಲ್ಲಿಸುತ್ತೇನೆ. ಅಮೆರಿಕದ ಮಣ್ಣಿನ ತಜ್ಞ ರಾಲ್ಫ್ ಪೆಕ್ ೧೯೬೯ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ವಿವರಿಸಿದ ವಿಧಾನದ ಸಾರ ಇದೇ. ನೆಲ ಪ್ರತಿಕೂಲವಾದರೆ ಏನು ಮಾಡಬೇಕೆಂಬುದನ್ನು ಅಗೆತಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮೊದಲೇ ಎಂಬ ಮಾತಿನಲ್ಲಿ ಇಡೀ ನೀತಿ ಅಡಗಿದೆ. ಹಳ್ಳ ಅರ್ಧ ಅಗೆದು, ಗಡುವು ಹತ್ತಿರ ಬಂದು, ಹಣ ಖರ್ಚಾದ ಮೇಲೆ ಎಚ್ಚರಿಕೆಯ ಗೆರೆ ಎಲ್ಲಿರಬೇಕೆಂದು ಯೋಚಿಸಿದರೆ ಅದು ಮೇಲಕ್ಕೇ ಸರಿಯುತ್ತದೆ. ಮನುಷ್ಯಸ್ವಭಾವ ಅಂಥದು. ಆಣೆಯನ್ನು ಆಸೆ ಹುಟ್ಟುವುದಕ್ಕೆ ಮುಂಚೆಯೇ ಇಟ್ಟಿರಬೇಕು.

ಅದು ಒಂದು ಸಲ ಇಟ್ಟು ಮುಗಿಸುವ ಆಣೆಯೂ ಅಲ್ಲ. ಶೃಂಗೇರಿಯ ತುಂಗೆಯೂ ನಮ್ಮ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹೊಸಪೇಟೆಯ ಜಲಾಶಯವನ್ನು ತುಂಬುತ್ತವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಆ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಸರಪಳಿ ತುಂಡಾಗಿ ನೀರಿನಲ್ಲಿ ಕೊಚ್ಚಿಹೋಯಿತು. ಕಲ್ಲಿನ ಕಟ್ಟೆ ಗಟ್ಟಿಯಾಗಿಯೇ ಇತ್ತು. ಸರಪಳಿಗೆ ಮಾತ್ರ ಎಪ್ಪತ್ತು ವರ್ಷಗಳ ವಯಸ್ಸಿತ್ತು. ಯಂತ್ರದೊಳಗಿನ ಕಟ್ಟೆಗೆ ನಾವು ಹೇಳದ ಹೊರತು ವಯಸ್ಸಾಗುವುದಿಲ್ಲ; ಹೊರಗಿನ ಕಟ್ಟೆಗೆ ದಿನವೂ ಆಗುತ್ತದೆ. ೨೦೨೧ರ ಅಣೆಕಟ್ಟು ಸುರಕ್ಷತಾ ಕಾಯಿದೆ ಕಟ್ಟೆಯ ಒಡೆಯರು ಕಾಲಕಾಲಕ್ಕೆ ಪರಿಶೀಲಿಸಬೇಕು, ಆಪತ್ತು ಬಂದರೆ ಏನು ಮಾಡಬೇಕೆಂಬ ಯೋಜನೆ ಸಿದ್ಧವಿರಬೇಕು ಎನ್ನುತ್ತದೆ. ಆಣೆಯನ್ನು ಕೇಳುವವರು ಎದುರಿಗಿರಬೇಕು ಎಂದೆನಲ್ಲ. ಆ ಯೋಜನೆ ಕಚೇರಿಯ ಬೀರುವಿನಲ್ಲಿ ಮಲಗದೆ ಹೊಳೆಯ ಕೆಳಗಿನ ಊರಿನವರ ಕಿವಿಗೆ ಬಿದ್ದಾಗಲೇ ಅದು ಪ್ರಮಾಣವಾಗುವುದು.

ನಮ್ಮ ಪಾಲಿನದೂ ಸ್ವಲ್ಪ ಇದೆ. ಪಟ್ಟಣದಲ್ಲಿ ಮನೆ ಕಟ್ಟಿಸುವ, ಫ್ಲ್ಯಾಟು ಕೊಳ್ಳುವ ನಾವು ಸಾಮಾನ್ಯವಾಗಿ ಕೇಳುವುದು ಸರ್ಟಿಫಿಕೇಟನ್ನು. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿಸಿದ್ದೇವೆ ಎಂದು ಹೇಳಿದರೆ ತೃಪ್ತರಾಗುತ್ತೇವೆ. ಮಣ್ಣನ್ನು ಎಲ್ಲೆಲ್ಲಿ ಪರೀಕ್ಷಿಸಿದಿರಿ, ಪಾಯ ತೋಡಿದ ಮೇಲೆ ಯಾರು ಬಂದು ಇಳಿದು ನೋಡಿದರು, ಮಳೆ ಬಂದಾಗ ನೀರು ಎಲ್ಲಿ ಹೋಗುತ್ತದೆ ಎಂದು ಕೇಳುವವರು ವಿರಳ. ಮಲೆನಾಡಿನಲ್ಲಿ ಧರೆ ಕಡಿಸುವಾಗಲಂತೂ ನಾವು ಗಂಟೆಗೆ ಇಷ್ಟು ಎಂದು ಯಂತ್ರದ ಬಾಡಿಗೆಯನ್ನು ಮಾತ್ರ ವಿಚಾರಿಸುತ್ತೇವೆ. ನಿಶ್ಚಿಂತೆಯನ್ನು ಕೊಂಡುಕೊಳ್ಳಬೇಕೆಂಬ ಆತುರ ನಮ್ಮಲ್ಲಿರುವವರೆಗೆ ಅದನ್ನು ಅಚ್ಚು ಹಾಕಿ ಮಾರುವವರು ಇದ್ದೇ ಇರುತ್ತಾರೆ.

ಹಳ್ಳಿಗರ ಬಾಯಲ್ಲಿ ಒಂದು ಆಣೆಯಿದೆ: ಭೂಮಿತಾಯಾಣೆ. ಬೇರೆ ಮಾತುಗಳಿಗೆ ಭೂಮಿಯನ್ನು ಸಾಕ್ಷಿಯಾಗಿ ಕರೆಯುವ ಆಣೆ ಅದು. ಎಂಜಿನಿಯರನ ಪಾಡು ಇದಕ್ಕಿಂತ ಕಠಿನ. ಅವನು ಭೂಮಿಯ ವಿಷಯವಾಗಿಯೇ, ಭೂಮಿಯ ಎದುರಿನಲ್ಲಿಯೇ ಪ್ರಮಾಣ ಮಾಡಬೇಕು. ಆ ಸಾಕ್ಷಿ ಬಹಳ ಕಾಲ ಸುಮ್ಮನಿರುತ್ತದೆ. ಕೊನೆಗೆ ಮಾತಾಡಿದಾಗ ಯಾರ ಅಂಕಿಯನ್ನೂ ನೋಡಿಕೊಂಡು ಮಾತಾಡುವುದಿಲ್ಲ. ಅದು ಮಾತಾಡುವುದಕ್ಕೆ ಮೊದಲೇ ಸದ್ದಿಗೆ ಕಿವಿಗೊಟ್ಟು, ಇಲ್ಲಿಗೆ ನಿಲ್ಲಿಸೋಣ ಎಂದು ಹೇಳಿ, ಕೆಳಗೆ ತನ್ನ ಹೆಸರು ಬರೆಯಬಲ್ಲ ಒಬ್ಬ ಮನುಷ್ಯ ಪ್ರತಿ ಲೆಕ್ಕದ ಹಿಂದೆಯೂ ಇರಬೇಕು.